ಹತ್ತೊಂಬತ್ತು ಪೈಸೆಯ ಕಾಯಿಪಲ್ಯ

ನಾಲ್ಕಾಣೆ ಅಂದರೆ 25 ನಯೇ ಪೈಸೆ. ಒಂದಾಣೆ ಅಂದರೆ 6. ಹಾಗಾದರೆ ಒಂದಾಣೆಯನ್ನು ನಾಲ್ಕು ಸಲ ಕೊಟ್ಟರೆ 24. ಒಂದು ಪೈಸೆ ಎಲ್ಲಿ ಹೋಯಿತು?

ಇದನ್ನು ನಾನು ಹತ್ತು ವರ್ಷದವನಿದ್ದಾಗ ಕಂಡುಹಿಡಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಆ ಒಂದು ಪೈಸೆ ನನ್ನ ಚಡ್ಡಿ ಜೇಬಿಗೆ ಹೋಗುತ್ತಿತ್ತು. ಈ ವಿಷಯ ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂತ ಹೋದ ದೀಪಾವಳಿಯವರೆಗೂ ಆರಾಮಾಗಿದ್ದೆ.

ನಮ್ಮ ಮನೆಯಲ್ಲಿ ಈಗಲೂ ಲಕ್ಷ್ಮೀ ಪೂಜೆಗೆ ಅಪ್ಪನ ಒಂದು ಹಳೇ ವಹಿ, ಅಂದರೆ ಲೆಕ್ಕದ ಪುಸ್ತಕ, ಇಡುತ್ತೇವೆ. ಅಪ್ಪ ಗುಲಬರ್ಗಾದ ಗಂಜಿನಲ್ಲಿ, ಅಂದರೆ ಧಾನ್ಯದ ಪೇಟೆಯಲ್ಲಿ, ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಗುಮಾಸ್ತ. ಅಂಗಡಿಯ ಲೆಕ್ಕ ಅಂಗಡಿಯಲ್ಲಿ, ಮನೆಯ ಲೆಕ್ಕ ಮನೆಯಲ್ಲಿ. ಎರಡೂ ಒಂದೇ ಶಿಸ್ತು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ, ಬೆನ್ನಿಗೆ ದಪ್ಪ ದಾರದ ಹೊಲಿಗೆ. ಅಪ್ಪ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಹೀಗಾಗಿ ಬರೆಯುವುದು ಕನ್ನಡದಲ್ಲಿ, ತಾರೀಖು ಮಾತ್ರ ಉರ್ದು ಅಂಕಿಯಲ್ಲಿ. ಅದೇಕೆ ಹಾಗೆ ಅಂತ ಯಾವತ್ತೂ ಕೇಳಲಿಲ್ಲ. ರೂಢಿ ಇರಬೇಕು.

ಈ ಸಲ ಮೊಮ್ಮಗಳು ಪುಣೆಯಿಂದ ಬಂದಿದ್ದಳು. ಪೂಜೆ ಮುಗಿದ ಮೇಲೆ ಕುಂಕುಮ ಒರೆಸಿ ವಹಿ ತೆಗೆದು ಕೂತಳು. ಸ್ವಲ್ಪ ಹೊತ್ತಿಗೆ ಕೇಳಿದಳು:

'ಮುತ್ಯಾ, ಇವ್ರು ಒಂದರೇ ರೌಂಡ್ ಫಿಗರ್ ಯಾಕ ಬರ್ದಿಲ್ಲ? ಕಾಯಿಪಲ್ಯ 19, ಹಾಲು 31, ಚಹಾಪುಡಿ 12. ಇಪ್ಪತ್ತಕ್ಕ ಕೊಟ್ರ ಏನಾಗ್ತಿತ್ತು?'

ಒಳ್ಳೇ ಪ್ರಶ್ನೆ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಕಣ್ಣು ಅಲ್ಲೇ ಹೋಗುತ್ತದೆ. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಪುಟ 18 ಡಿಸೆಂಬರ್ 1963ರದ್ದು. ಬುಧವಾರ.

ಏನೂ ವಿಶೇಷ ಇಲ್ಲದ ದಿನ. ಯಾರೂ ಸತ್ತಿಲ್ಲ, ಹುಟ್ಟಿಲ್ಲ, ಮದುವೆ ಇಲ್ಲ. ಹಾಲು 31. ಬೆಲ್ಲ 25. ಚಹಾಪುಡಿ 12. ಕಾಯಿಪಲ್ಯ 19. ಚಿಮಣಿ ಎಣ್ಣಿ 28. ಎಲಿ ಅಡಕಿ 6, ಅದು ಆಯಿಗೆ, ಅಂದರೆ ನನ್ನ ಅಜ್ಜಿಗೆ. ಕಟಿಂಗ್ 25, ಅದು ನನ್ನ ತಲೆ. ಕೆಳಗೆ ಗೆರೆ ಎಳೆದು ಒಟ್ಟು 1-46.

ಈ ಅಂಕಿಗಳು ಮೊಮ್ಮಗಳಿಗೆ ಸೊಟ್ಟಗೆ ಕಂಡವು. ಆದರೆ ಇವು ಪೈಸೆಗಳೇ ಅಲ್ಲ. ಆಣೆಗಳು. ಪೈಸೆಯ ಅಂಗಿ ಹಾಕಿಕೊಂಡು ಕೂತಿವೆ ಅಷ್ಟೇ. 6 ಅಂದರೆ ಒಂದಾಣೆ. 12 ಎರಡಾಣೆ. 19 ಮೂರಾಣೆ. 25 ನಾಲ್ಕು, 28 ನಾಲ್ಕೂವರೆ, 31 ಐದು. ಸರ್ಕಾರ 1957ರ ಏಪ್ರಿಲ್ 1ಕ್ಕೆ ಆಣೆ ತೆಗೆದು ರೂಪಾಯಿಗೆ ನೂರು ನಯೇ ಪೈಸೆ ಮಾಡಿತು. ಆರೂವರೆ ವರ್ಷ ಆದರೂ ನಮ್ಮ ಬಜಾರಿನಲ್ಲಿ ಬೆಲೆ ಆಣೆಯಲ್ಲೇ ಇತ್ತು. ದುಡ್ಡು ಬದಲಾಗಿತ್ತು, ಬೆಲೆಯ ಬಾಯಿ ಬದಲಾಗಿರಲಿಲ್ಲ. ಕಾಯಿಪಲ್ಯದ ಮುದುಕಿ 'ಮೂರಾಣಿ' ಅನ್ನುತ್ತಿದ್ದಳು, ನಾವು ಹತ್ತೊಂಬತ್ತು ಪೈಸೆ ಎಣಿಸಿ ಕೊಡುತ್ತಿದ್ದೆವು.

ಆಣೆಗೆ ಸರಿಯಾಗಿ ಆರೂಕಾಲು ಪೈಸೆ ಬರುತ್ತದೆ. ಕಾಲು ಪೈಸೆ ಇಲ್ಲವಲ್ಲ. ಹಾಗಾಗಿ ಒಂದಾಣೆಗೆ 6 ಅಂತ ಇಳಿಸಿದರು, ಮೂರಾಣೆಗೆ ಹದಿನೆಂಟೂಮುಕ್ಕಾಲು ಆಗುತ್ತದೆ ಅಂತ 19ಕ್ಕೆ ಏರಿಸಿದರು. ನಾನು ಬದುಕಿದ್ದೇ ಈ ಏರಿಳಿತದ ಸಂದಿಯಲ್ಲಿ.

ನಮ್ಮ ಮನೆಯಲ್ಲಿ ಇನ್ನೊಂದು ತೊಡಕಿತ್ತು. ಆಯಿ. ಅವಳು ಆಣೆಗೂ ಬಂದಿರಲಿಲ್ಲ. ಅಂದರೆ ಇಂಗ್ಲಿಷರ ಆಣೆಗೆ. ಯಾವ ಬೆಲೆ ಹೇಳಿದರೂ 'ಹಾಲಿಯೋ, ಕಲ್ದಾರೋ?' ಅಂತ ಕೇಳುತ್ತಿದ್ದಳು. ಹಾಲಿ ಅಂದರೆ ನಿಜಾಮರ ಹಾಲಿ ಸಿಕ್ಕಾ. ಕಲ್ದಾರ ಅಂದರೆ ಅಂಗ್ರೇಜಿ ರೂಪಾಯಿ, ಆಮೇಲೆ ನಮ್ಮ ಭಾರತದ್ದು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ಹೈದರಾಬಾದ್ ಸಂಸ್ಥಾನ 1948ರಲ್ಲಿ ಹೋಯಿತು, ನಾವು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು, ಆದರೆ ಹಾಲಿ ಸಿಕ್ಕಾ ಪೂರ್ತಿ ಕಣ್ಮರೆಯಾಗಲು 1959 ಬೇಕಾಯಿತು. ಆಯಿಯ ತಲೆಯಿಂದ ಅದು ಹೋಗಲೇ ಇಲ್ಲ. ಚಾರ್‌ಮಿನಾರ್ ಚಿತ್ರದ ಎರಡು ಬೆಳ್ಳಿ ರೂಪಾಯಿ ಅವಳ ಚೀಲದಲ್ಲಿ ಎಲೆ ಅಡಿಕೆಯ ಜೊತೆಗೇ ಇರುತ್ತಿದ್ದವು. ಸುಣ್ಣ ತಾಗಿ ಒಂದು ಕಡೆ ಬೆಳ್ಳಗಾಗಿದ್ದವು.

ತೂಕದ ಗದ್ದಲ ಬೇರೆ. 1962ರಿಂದ ಅಂಗಡಿಯಲ್ಲಿ ಕಿಲೋ ಕಲ್ಲೇ ಇರಬೇಕು ಅಂತ ಕಾನೂನು. ಅವ್ವ ಪಾವ್ ಸೇರು ಕೇಳುತ್ತಿದ್ದಳು, ಅಂಗಡಿಯವ ಪಾವ್ ಕಿಲೋ ಕೊಡುತ್ತಿದ್ದ. ಕಿಲೋ ಸೇರಿಗಿಂತ ಸ್ವಲ್ಪ ಜಾಸ್ತಿ. ಬೆಲೆ ಅದಕ್ಕೆ ತಕ್ಕ ಹಾಗೆ ಏರಿಸಿದ್ದರೂ 'ಕಿಲೋದಾಗ ಬರ್ಕತ್ ಅದ' ಅಂತ ಅವ್ವ ಖುಷಿಪಡುತ್ತಿದ್ದಳು. ಇರಲಿ ಬಿಡಿ. ಒಂದೇ ಮನೆಯಲ್ಲಿ ಆಯಿ ಹಾಲಿಯಲ್ಲಿ, ಅವ್ವ ಆಣೆಯಲ್ಲಿ, ಅಪ್ಪ ವಹಿಯಲ್ಲಿ ಪೈಸೆಯಲ್ಲಿ. ನಾನು ಶಾಲೆಯಲ್ಲಿ ದಶಾಂಶ ಕಲಿಯುತ್ತಿದ್ದೆ. ಮೂರೂ ಬಲ್ಲವ ನಾನೊಬ್ಬನೇ ಅಂತ ನನಗೆ ಸೊಕ್ಕು.

ಆ ಬುಧವಾರದ ಬೆಳಿಗ್ಗೆ ಎಂ.ಎಸ್.ಕೆ. ಮಿಲ್ಲಿನ ಭೋಂಗಾ ಕೂಗಿದಾಗ ಎದ್ದಿರಬೇಕು. ದಿನಾ ಹಾಗೇ. ಮನೆಯಲ್ಲಿ ಗಡಿಯಾರ ಇರಲಿಲ್ಲ, ಮಿಲ್ಲೇ ಗಡಿಯಾರ. ಡಿಸೆಂಬರಿನ ಗುಲಬರ್ಗಾ ಅಂದರೆ ಬೆಳಿಗ್ಗೆ ಹಲ್ಲು ಕಟಕಟ, ಮಧ್ಯಾಹ್ನ ಮತ್ತೆ ಬಿಸಿಲೇ. ಅಂಗಳದಲ್ಲಿ ಒಲೆಯ ಇದ್ದಿಲು ಪುಡಿ ಮಾಡಿ ಹಲ್ಲುಜ್ಜಿ, ಬೆಲ್ಲದ ಚಹಾದಲ್ಲಿ ರಾತ್ರಿಯ ರೊಟ್ಟಿ ಅದ್ದಿ ತಿನ್ನುವುದು. ಸಕ್ಕರೆ ಬಂದವರಿಗೆ, ಬೆಲ್ಲ ನಮಗೆ. ಇವತ್ತು ಬೆಲ್ಲದ ಚಹಾಕ್ಕೆ ಹೋಟೆಲಿನಲ್ಲಿ ಬೋರ್ಡು ಹಾಕಿ ಜಾಸ್ತಿ ದುಡ್ಡು ತೆಗೆದುಕೊಳ್ಳುತ್ತಾರೆ. ಆಗ ಬೆಲ್ಲದ ಚಹಾ ಕುಡಿಯುವುದನ್ನು ಪಕ್ಕದ ಮನೆಯವರು ನೋಡಬಾರದು ಅಂತ ಅವ್ವ ಬಾಗಿಲು ಮುಂದೆ ಮಾಡುತ್ತಿದ್ದಳು.

ಆಮೇಲೆ ಅವ್ವ ಚೀಲ ಕೊಟ್ಟು ಹೇಳಿದ್ದು ಹೀಗಿರಬೇಕು: 'ನಾಲ್ಕಾಣಿ ಬೆಲ್ಲ, ಮೂರಾಣಿ ಕಾಯಿಪಲ್ಯ. ಬಿರ್ರನೆ ಬಾ, ಸಾಲಿಗಿ ಹೊತ್ತಾಗ್ತದ.'

ನಾನು ಹೋಗುತ್ತಿದ್ದದ್ದು ಕಿರಾಣಾ ಬಜಾರಿಗೆ. ಅಲ್ಲಿಯ ವಾಸನೆ ಈಗಲೂ ಮೂಗಿನಲ್ಲಿದೆ. ಮೆಣಸಿನಕಾಯಿಯ ಘಾಟು, ಅದರ ಕೆಳಗೆ ಗೋಣಿಚೀಲದ ವಾಸನೆ, ಅದರ ಕೆಳಗೆ ಬೆಲ್ಲ. ಅಂಗಡಿಯವನ ತಲೆಯ ಮೇಲೆ ದಾರದ ಉಂಡೆ ಜೋತು ಬಿದ್ದಿರುತ್ತಿತ್ತು. ಪೆಂಟೆಯಿಂದ ಬೆಲ್ಲ ಕೆತ್ತುತ್ತಿದ್ದ. ತಕ್ಕಡಿಗೆ ಹಾಕುತ್ತಿದ್ದ. ಒಂದು ಚೂರು ತೆಗೆದು, ಮತ್ತೆ ಅರ್ಧ ಚೂರು ಹಾಕುತ್ತಿದ್ದ. ಹೈದರಾಬಾದಿನ ಉರ್ದು ಪೇಪರಿನ ತುಂಡಿನಲ್ಲಿ ಸುತ್ತಿ, ದಾರ ಎರಡು ಸುತ್ತು ಹಾಕಿ, ಬೆರಳಿಗೆ ಸಿಕ್ಕಿಸಿ ಫಟ್ಟನೆ ಹರಿಯುತ್ತಿದ್ದ. ದಾರ ಹರಿಯುವ ಆ ಕೈಚಳಕ ಕಲಿಯಬೇಕು ಅಂತ ಎಷ್ಟು ಸಲ ಬೆರಳು ಕೊಯ್ದುಕೊಂಡಿದ್ದೇನೋ.

ಒಂದೇ ಅಂಗಡಿಯಲ್ಲಿ ನಾಲ್ಕು ಸಲ ಒಂದೊಂದಾಣೆ ಬೆಲ್ಲ ಕೇಳಿದರೆ ಬೈಗುಳ ಗ್ಯಾರಂಟಿ. ಒಮ್ಮೆ ತಿಂದಿದ್ದೆ. ಅದಕ್ಕೆ ನಾಲ್ಕು ಅಂಗಡಿ. ಒಂದೊಂದರಲ್ಲಿ ಆರಾರು ಪೈಸೆ. ಬೆಲ್ಲ ಪೂರ್ತಿ ಬಂತು, ಒಂದು ಪೈಸೆ ಉಳಿಯಿತು. ಕಾಯಿಪಲ್ಯದಲ್ಲೂ ಅದೇ ಆಟ. ಮೂರು ಮುದುಕಿಯರ ಹತ್ತಿರ ಒಂದೊಂದಾಣೆಯದು: ಪುಂಡಿ ಪಲ್ಯ, ಬದನೆಕಾಯಿ, ಕೊತ್ತಂಬರಿ. ಹದಿನೆಂಟು ಪೈಸೆ ಆಯಿತು, ಇನ್ನೊಂದು ಉಳಿಯಿತು. ನಾಲ್ಕಾಣೆಗಿಂತ ಮೂರಾಣೆಯ ವ್ಯವಹಾರ ಲಾಭ ಅಂತ ಆಗಲೇ ತಿಳಿದಿದ್ದೆ. ಕಡಿಮೆ ಓಡಾಟ, ಅಷ್ಟೇ ಆದಾಯ. ಎರಡಾಣೆಯಲ್ಲಿ ಮಾತ್ರ ಏನೂ ಗಿಟ್ಟುವುದಿಲ್ಲ. ಆರು ಎರಡಲೆ ಹನ್ನೆರಡೇ. ಚಹಾಪುಡಿ ತರುವ ಕೆಲಸವನ್ನು ಅಕ್ಕನಿಗೆ ದಾಟಿಸುತ್ತಿದ್ದೆ.

ಮನೆ ಹತ್ತಿರ ಬಂದಾಗ ನಾಲ್ಕೂ ಪುಡಿಕೆ ಬಿಚ್ಚಿ ಒಂದರಲ್ಲಿ ಸುರಿದು ಕಟ್ಟುತ್ತಿದ್ದೆ. ಉಳಿದ ಕಾಗದ, ದಾರ ಗಟಾರಕ್ಕೆ.

ಈ ಪೈಸೆ ಎಲ್ಲ ಯಾತಕ್ಕೆ ಅಂತ ಹೇಳಲು ರೇಡಿಯೋ ವಿಷಯಕ್ಕೆ ಬರಬೇಕು. ನಮ್ಮ ಗಲ್ಲಿಯಲ್ಲಿ ಕರೆಂಟ್ ಇದ್ದದ್ದು ಎರಡೇ ಮನೆಗೆ. ರೇಡಿಯೋ ಒಂದೇ, ವಕೀಲ ಸಾಹೇಬರ ಮನೆಯಲ್ಲಿ. ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು, ಪೋಸ್ಟಾಫೀಸಿನಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಬೇಕು. ಅಪ್ಪನ ಪಗಾರ ತಿಂಗಳಿಗೆ 85. ಹೀಗಾಗಿ ಆ ಪೆಟ್ಟಿಗೆಯ ಬಗ್ಗೆ ನಮಗೆ ಆಸೆ ಕೂಡ ಇರಲಿಲ್ಲ, ಭಕ್ತಿ ಇತ್ತು.

ಬುಧವಾರ ರಾತ್ರಿ ಎಂಟಕ್ಕೆ ಬಿನಾಕಾ ಗೀತಮಾಲಾ, ಹಿಂದಿ ಸಿನಿಮಾ ಹಾಡುಗಳನ್ನು ಮೆಚ್ಚುಗೆಯ ಕ್ರಮದಲ್ಲಿ ಹಾಕುವ ಕಾರ್ಯಕ್ರಮ. ರೇಡಿಯೋ ಸಿಲೋನ್. ಏಳೂಮುಕ್ಕಾಲಿಗೇ ವಕೀಲರ ಮನೆ ಕಟ್ಟೆ ತುಂಬುತ್ತಿತ್ತು. ಸಾಹೇಬರು ರೇಡಿಯೋವನ್ನು ಕಿಟಕಿಯ ಹತ್ತಿರ ಸರಿಸಿ ಬಟನ್ ತಿರುಗಿಸುತ್ತಿದ್ದರು. ತಕ್ಷಣ ಏನೂ ಬರುವುದಿಲ್ಲ. ವಾಲ್ವು ಕಾಯಬೇಕು. ಮೊದಲು ಹಳದಿ ಬೆಳಕು, ಆಮೇಲೆ ಒಂದು ಹಸಿರು ಕಣ್ಣು ನಿಧಾನಕ್ಕೆ ತೆರೆಯುತ್ತಿತ್ತು. ಸ್ಟೇಷನ್ ಸರಿಯಾಗಿ ಕೂತರೆ ಆ ಕಣ್ಣಿನ ಎರಡು ರೆಪ್ಪೆ ಹತ್ತಿರ ಬರುತ್ತಿದ್ದವು. ಸಮುದ್ರದ ಅಲೆಯ ಹಾಗೆ ಗೊರಗೊರ. ಆ ಗೊರಗೊರದ ಒಳಗಿಂದ ನಿರೂಪಕ ಅಮೀನ್ ಸಯಾನಿ, 'ಬೆಹನೋ ಔರ್ ಭಾಯಿಯೋ'. ಭಾಯಿಗಿಂತ ಬೆಹನ್ ಮೊದಲು ಹೇಳುತ್ತಾನೆ ಅಂತ ಒಳಗೆ ಪರದೆಯ ಹಿಂದೆ ಕೂತ ಹೆಂಗಸರಿಗೆ ಅವನ ಮೇಲೆ ಪ್ರೀತಿ.

ಸಿನಿಮಾ ಹಾಡಿಗೆ ಸಿಲೋನ್ ಯಾಕೆ ಅಂತ ಮೊಮ್ಮಗಳು ಕೇಳಿದಳು. ಐವತ್ತರ ದಶಕದ ಶುರುವಿನಲ್ಲಿ ಮಂತ್ರಿ ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸದೆ, ಆಕಾಶವಾಣಿಯಲ್ಲಿ ಅದಕ್ಕೆ ಕತ್ತರಿ ಬಿತ್ತು. ಗೀತಮಾಲಾ 1952ರ ಕೊನೆಗೆ ಸಿಲೋನಿನಿಂದ ಶುರುವಾಯಿತು. 1957ರಲ್ಲಿ ವಿವಿಧ ಭಾರತಿ ಬಂತು, ಆದರೂ ನಮ್ಮ ಕಟ್ಟೆಯ ಜನ ಬುಧವಾರ ಸಿಲೋನ್ ಬಿಡಲಿಲ್ಲ. ನಮ್ಮೂರಿಗೇ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ. ಅಲ್ಲಿಯವರೆಗೆ ರೇಡಿಯೋದಲ್ಲಿ ಕನ್ನಡ ಅಂದರೆ ಧಾರವಾಡ.

ಕನ್ನಡ ಸಿನಿಮಾ ನಮ್ಮಲ್ಲಿ ಬರುತ್ತಿದ್ದದ್ದೇ ಅಪರೂಪ. ರಾಜಕುಮಾರರ ಪೌರಾಣಿಕ ಚಿತ್ರ ಬಂದರೆ ಆಯಿ ಕೂಡ ಹೊರಡುತ್ತಿದ್ದಳು, ಚಪ್ಪಲಿ ಟಾಕೀಜಿನ ಹೊರಗೇ ಬಿಟ್ಟು. ಕನ್ನಡ ಬೇಕು ಅಂದರೆ ಶರಣಬಸವೇಶ್ವರ ಜಾತ್ರೆಗೆ ಬರುವ ನಾಟಕ ಕಂಪನಿ. ಹೋಳಿ ಹುಣ್ಣಿಮೆಯಾದ ಐದನೇ ದಿನಕ್ಕೆ ತೇರು, ಅದರ ಹಿಂದೆ ಮುಂದೆ ನಾಟಕದ ತಗಡಿನ ಥಿಯೇಟರು. ಉಳಿದ ಹನ್ನೊಂದು ತಿಂಗಳು ಹಿಂದಿಯೇ. ಉರ್ದು ಕಿವಿಗೆ ಬಿದ್ದೇ ಬೆಳೆದ ಊರು, ಹಾಡಿನ ಮಾತು ಅರ್ಧ ತಿಳಿಯುತ್ತಿತ್ತು. ಉಳಿದರ್ಧ ಊಹೆ.

1963ರ ಡಿಸೆಂಬರ್ ಅಂದರೆ ಕಟ್ಟೆಯ ಮೇಲೆ ಪಂಥದ ಕಾಲ. ವರ್ಷದ ಕೊನೆಗೆ ಯಾವ ಹಾಡು ಗೀತಮಾಲಾದ ಮೊದಲನೇ ಪಾಯ್ದಾನ್ ಮೇಲೆ, ಅಂದರೆ ಮೊದಲ ಸ್ಥಾನದಲ್ಲಿ, ನಿಲ್ಲುತ್ತದೆ? ದರ್ಜಿ ಕಾಕಾ 'ತಾಜ್ ಮಹಲ್' ಚಿತ್ರದ 'ಜೋ ವಾದಾ ಕಿಯಾ' ಅಂತ ಹಟ ಹಿಡಿದಿದ್ದ. ವಕೀಲರ ಕಾರಕೂನ ಅಲ್ಲ ಅಂದ. ಪಂಥಕ್ಕೆ ಒಂದು ಪ್ಲೇಟ್ ಮಿರ್ಚಿ ಭಜಿ, ಒಂದು ಕಪ್ಪು ಚಹಾ. ಗೆದ್ದವನು ದರ್ಜಿ ಕಾಕಾ. ಆದರೆ ಭಜಿ ಸಿಗಲು ಸಂಕ್ರಾಂತಿ ದಾಟಬೇಕಾಯಿತು, ಕಾರಕೂನ ಅಷ್ಟು ಬಿಗಿ.

ನನಗೆ ಭಜಿ ಬೇಕಿರಲಿಲ್ಲ. ಹಾಡಿನ ಪುಸ್ತಕ ಬೇಕಿತ್ತು. ಟಾಕೀಜಿನ ಹೊರಗೆ ಒಬ್ಬ ಗೋಣಿ ಹಾಸಿ ಕೂರುತ್ತಿದ್ದ. ಅಂಗೈ ಅಗಲದ, ಎಂಟು ಪುಟದ, ಮುಖಪುಟದ ಬಣ್ಣ ಕೈಗೆ ಹತ್ತುವ ಪುಸ್ತಕ. ಬೆಲೆ ಹತ್ತು ನಯೇ ಪೈಸೆ. ಇಲ್ಲಿ ಒಂದು ಮಜಾ ನೋಡಿ. ಆರಲ್ಲ, ಹನ್ನೆರಡಲ್ಲ, ಹತ್ತು. ನನ್ನ ಬದುಕಿನಲ್ಲಿ ಆಣೆಯ ಲೆಕ್ಕಕ್ಕೆ ಸಿಗದ ಮೊದಲ ಬೆಲೆ ಅದೇ. 'ಹತ್ತು ಪೈಸೆ ಅಂದ್ರ ಎಷ್ಟಾಣಿ?' ಅಂತ ಆಯಿಯನ್ನು ಕೇಳಿದ್ದೆ. 'ಹಂಗ ಇರೂದಿಲ್ಲ ಹೋಗು' ಅಂದಳು.

ನಮ್ಮ ಕಡೆ ಅದಕ್ಕೆ ಬೇಡಿಕೆ ಏಕೆ ಇತ್ತು ಅಂದರೆ ರೇಡಿಯೋದಲ್ಲಿ ಹಾಡು ಒಮ್ಮೆ ಹೋದರೆ ಹೋಯಿತು. ಮತ್ತೆ ಮುಂದಿನ ವಾರ, ಬಂದರೆ ಬಂತು. ಪುಸ್ತಕ ಇದ್ದವನೇ ಶಾಲೆಯಲ್ಲಿ ರಾಜ. ವಕೀಲರ ಮಗಳ ಹತ್ತಿರ ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯೊಳಗೆ ಬರುವ ಪ್ಲಾಸ್ಟಿಕ್ ಪ್ರಾಣಿಗಳಿದ್ದವು, ಆನೆ, ನಾಯಿ, ಮೊಲ. ಅವುಗಳ ಮುಂದೆ ಇದ್ದಿಲಿನಿಂದ ಹಲ್ಲುಜ್ಜುವ ನಾನು ಏನು ಇಡಬೇಕು? ಹಾಡಿನ ಪುಸ್ತಕ.

ಬಂಗಾರದ ಮಾತು ಬಿಟ್ಟೆ. ವಾಟ್ಸಾಪಿನಲ್ಲಿ ಆಗಾಗ ಬರುತ್ತದೆ, 'ಆಗ ಬಂಗಾರ ಬರೀ ನೂರು ರೂಪಾಯಿ, ಎಂಥ ಕಾಲ!' ಅಂತ. ಹೌದು, ತೊಲಕ್ಕೆ ನೂರರ ಆಚೀಚೆ. 85 ರೂಪಾಯಿ ಪಗಾರದವನಿಗೆ ಒಂದು ತೊಲಕ್ಕೆ ತಿಂಗಳ ದುಡಿಮೆ ಪೂರ್ತಿ ಇಟ್ಟರೂ ಸಾಲದು. ಅದರ ಮೇಲೆ ಆ ವರ್ಷದ ಜನವರಿಯಲ್ಲೇ ಸರ್ಕಾರ ಬಂಗಾರ ನಿಯಂತ್ರಣ ತಂದಿತ್ತು. ಚೀನಾ ಯುದ್ಧವಾದ ಮೇಲೆ. ಹೊಸ ಒಡವೆ 14 ಕ್ಯಾರೆಟ್ ದಾಟಬಾರದು. ಸರಾಫ್ ಬಜಾರಿನಲ್ಲಿ ಅಕ್ಕಸಾಲಿಗರು ಕುಲುಮೆ ಆರಿಸಿ ಜಗುಲಿ ಮೇಲೆ ಕೂತಿರುವುದನ್ನು ಶಾಲೆಗೆ ಹೋಗುವಾಗ ನೋಡುತ್ತಿದ್ದೆ. ಅಕ್ಕನ ಮದುವೆಗೆ ಹೊಸದು ಮಾಡಿಸಲಿಲ್ಲ. ಆಯಿ ತನ್ನ ಬೋರಮಾಳ ಸರ ಬಿಚ್ಚಿ ಅವಳ ಕೊರಳಿಗೆ ಹಾಕಿದಳು. ಅದಕ್ಕೂ ಮೊದಲು ಅದನ್ನು ತೂಗಿಸಿ ಬಂದಳು, ತೊಲದಲ್ಲಿ, ಎಷ್ಟು ಹಾಲಿ ರೂಪಾಯಿ ಆಗುತ್ತದೆ ಅಂತ.

ಈಗ ಮತ್ತೆ ಆ ಬುಧವಾರಕ್ಕೆ. ರಾತ್ರಿ ಗೀತಮಾಲಾ ಮುಗಿಸಿ ಬಂದಾಗ ಅಪ್ಪ ಕಂದೀಲಿನ ಮುಂದೆ ವಹಿ ಬರೆಯುತ್ತಿದ್ದ. ಅದು ತೊಗರಿಯ ಸುಗ್ಗಿ ಶುರುವಾಗುವ ಹೊತ್ತು. ಗಂಜಿನಿಂದ ಬರುವಾಗ ಅವನ ಧೋತರದ ತುಂಬ ಹೊಟ್ಟಿನ ಧೂಳು. ಬೆಲ್ಲದ ಡಬ್ಬಿ ಮುಂದೆ ಇತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡ. ಕಂದೀಲು ಎತ್ತಿ ಡಬ್ಬಿಯೊಳಗೆ ನೋಡಿದ.

'ಈ ಬೆಲ್ಲಕ್ಕ ನಾಕು ಬಣ್ಣ ಅವ ನೋಡು' ಅಂದ ಅವ್ವನಿಗೆ. 'ಒಂದು ಹಳದಿ, ಒಂದು ಕೆಂಪು, ಒಂದು ಕರ್ರಗ. ಇದು ಒಂದರ ಭಾಳ ಛಲೋ ಅದ.'

'ಪೆಂಟಿ ತಳದ್ದು ಹಾಕಿರ್ಬೇಕು' ಅಂದಳು ಅವ್ವ.

'ಇರಬಹುದು' ಅಂದು ಅಪ್ಪ ಬರೆಯತೊಡಗಿದ. ನಾನು ಚಾದರ ಎಳೆದುಕೊಂಡು ಮಲಗಿದೆ. ಬೆಲ್ಲದ ಬಗ್ಗೆ ಇವರಿಗೆ ಇಷ್ಟು ಮಾತು ಯಾಕೆ ಅಂತ ಅನಿಸಿತ್ತು, ಅಷ್ಟೇ.

ಮೊಮ್ಮಗಳ ಬೆರಳು ಪುಟದ ಕೆಳಗೆ ಹೋಯಿತು. 1-46ರ ಕೆಳಗೆ, ಅಂಚಿನಲ್ಲಿ, ಸಣ್ಣ ಅಕ್ಷರ. 'ಮುತ್ಯಾ, ಇದೇನು? ಹುಡುಗ 2?'

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. 'ಹುಡುಗ 2 ಉದ್ರಿ' ಅಂತಿತ್ತು. ಉದ್ರಿ ಅಂದರೆ ಸಾಲ. ಬೆಲ್ಲದ್ದು ಒಂದು, ಕಾಯಿಪಲ್ಯದ್ದು ಒಂದು.

ಹಿಂದಿನ ಪುಟ ತೆಗೆಸಿದೆ. ನವೆಂಬರಿನಲ್ಲಿ ಒಂದು ಕಡೆ 'ಹುಡುಗ 1'. ಹತ್ತು ದಿನ ಬಿಟ್ಟು ಮತ್ತೆ 'ಹುಡುಗ 1'. ಕಾಯಿಪಲ್ಯ 19 ಇದ್ದ ದಿನ, ಬೆಲ್ಲ 25 ಇದ್ದ ದಿನ. ಒಂದು ಕಡೆ ಕಾಯಿಪಲ್ಯ 19 ಇದ್ದರೂ ಅಂಚು ಖಾಲಿ. ಅವತ್ತು ಜ್ವರ ಬಂದು ಮಲಗಿದ್ದೆನೇನೋ, ಅಕ್ಕ ಹೋಗಿರಬೇಕು. ಅಪ್ಪ ಅದನ್ನೂ ಬಿಟ್ಟಿಲ್ಲ. ಇಡೀ ದಿನ ಸಾವಿರಾರು ಚೀಲದ ಲೆಕ್ಕ ಬರೆದು ಬಂದವನು, ಒಂದು ಪೈಸೆಗೆ ಕಂದೀಲಿನ ಮುಂದೆ ಅಂಚು ಹುಡುಕಿ ಬರೆದಿದ್ದಾನೆ. ಬೈಯಲಿಲ್ಲ, ಕೇಳಲಿಲ್ಲ.

ಜನವರಿಯ ಪುಟಗಳಿಗೆ ಬಂದೆವು. 22 ಜನವರಿ 1964, ಮತ್ತೊಂದು ಬುಧವಾರ. ಹಾಲು 31. ಎಲಿ ಅಡಕಿ 6. ಅದರ ಕೆಳಗೆ, ಅಂಚಿನಲ್ಲಲ್ಲ, ಖರ್ಚಿನ ಸಾಲಿನಲ್ಲೇ, ದೊಡ್ಡ ಅಕ್ಷರದಲ್ಲಿ: 'ಹಾಡಿನ ಪುಸ್ತಕ 10. ಹುಡುಗನ ಉದ್ರಿ ಮಾಫಿ.'

ಆ ಪುಸ್ತಕವನ್ನು ನಾನು ಗಾದಿಯ ಕೆಳಗೆ ಇಟ್ಟಿದ್ದೆ. ಒಂದು ಕಡೆ ಹಿಂದಿ, ಒಂದು ಕಡೆ ಉರ್ದು. ಹಿಂದಿ ನಾನು ಆಗಿನ್ನೂ ಅಕ್ಷರ ಕೂಡಿಸಿ ಓದುತ್ತಿದ್ದೆ. ಉರ್ದು ಪುಟಗಳು ನನಗೆ ಬರೀ ಇರುವೆ ಸಾಲು. ಅಪ್ಪ ದಾಡಿ ಮಾಡಿಕೊಳ್ಳುವಾಗ ಒಂದು ಹಾಡು ಗುನುಗುತ್ತಿದ್ದದ್ದು ನೆನಪಿದೆ, ಮಾತು ಒಂದೂ ತಪ್ಪಿಲ್ಲದೆ. ಅವನು ಕಟ್ಟೆಗೆ ರೇಡಿಯೋ ಕೇಳಲು ಬಂದವನಲ್ಲ. ಎಲ್ಲಿ ಕಲಿತ ಅಂತ ಆಗ ಯೋಚಿಸಿರಲಿಲ್ಲ.

ಮೊಮ್ಮಗಳು ಫೋನಿನಲ್ಲಿ ಎಲ್ಲ 'ಹುಡುಗ'ಗಳನ್ನು ಕೂಡಿಸಿದಳು. ಎರಡು ಸಲ ಕೂಡಿಸಿದಳು. ಹನ್ನೊಂದು ಬಂತು.

'ಒಂದು ಪೈಸೆ ಇನ್ನೂ ಬಾಕಿ ಅದ ಮುತ್ಯಾ' ಅಂದಳು.